ಬೆನ್ನ ಹಿಂದಿನ ಗುಂಡು

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ನಾನು ಗಾರೆ ಕೆಲಸದವನು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಬ್ಬಿಣದ ಗುಂಡು ಕಟ್ಟಿ ಇಳಿಬಿಡುತ್ತೇನೆ. ಕೆಲಸ ಕಲಿಸಿದ ಅಪ್ಪನದು ಒಂದೇ ಹಟ: "ಗುಂಡು ತೂಗ್ತಾ ಇದ್ದಾಗ ಅದಕ್ಕೆ ಬೆನ್ನು ಹಾಕ್ಬೇಡ." ಮುದುಕರ ಶಾಸ್ತ್ರ ಎಂದುಕೊಂಡೇ ಪಾಲಿಸಿದೆ. ಮನುಷ್ಯರು ಕೈಕೊಟ್ಟರೂ ಗುಂಡು ಕೈಕೊಡುವುದಿಲ್ಲ ಎಂಬ ನಂಬಿಕೆ ಮಾತ್ರ ನನ್ನದೇ.

ಮೊನ್ನೆ ಮಧ್ಯಾಹ್ನ, ಆಗಷ್ಟೇ ಗಾರೆ ಮೆತ್ತಿದ್ದ ಖಾಲಿ ಕೋಣೆಯಲ್ಲಿ ಒಬ್ಬನೇ ಇದ್ದೆ. ಅರ್ಧ ಗೋಡೆಯ ಎತ್ತರದ ಮೊಳೆಯಿಂದ ಗುಂಡು ಇಳಿಬಿಟ್ಟೆ. ಸೀನು ಬಂತೆಂದು ಆಚೆ ತಿರುಗಿದೆ. ಕತ್ತಿನ ಹಿಂದೆ ತಣ್ಣಗಾಯಿತು. ದಾರ ಬಿಗಿದ ಸಣ್ಣ ಸದ್ದು, ಆಮೇಲೆ ಹಸಿ ಗಾರೆಗೆ ಏನೋ ತಾಗಿದಂತೆ 'ಪಚ್'. ತಿರುಗಿ ನೋಡಿದರೆ ಗುಂಡು ಏನೂ ಅರಿಯದ ಕೂಸಿನಂತೆ ನೇರವಾಗಿ ತೂಗುತ್ತಿತ್ತು. ತುದಿಯಲ್ಲಿ ಹಸಿ ಗಾರೆ ಅಂಟಿತ್ತು. ಗೋಡೆಗಳಲ್ಲಿ ಒಂದು ಗೀರೂ ಇರಲಿಲ್ಲ. ಕುಳಿ ಬಿದ್ದಿದ್ದು ಮೇಲೆ, ಸೂರಿನಲ್ಲಿ.

ಮನೆಗೆ ಓಡಿಬಂದು ಹೇಳಿದೆ. ಅಪ್ಪ ಬೆರಗಾಗಲೇ ಇಲ್ಲ.

"ಬೆನ್ನು ಹಾಕಿದ್ಯಾ? ಯಾರಾದ್ರೂ ನೋಡ್ತಿದ್ರೆ ಅದು ಕೆಳಗೆ ತೂಗುತ್ತೆ. ಇಲ್ದಿದ್ರೆ ಅದರಿಷ್ಟ."

"ನಿಂಗೆ ಗೊತ್ತಿತ್ತಾ? ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲಪ್ಪಾ!"

"ಹೇಳಿದ್ರೆ ನೀನು ಒಂದು ದಿನಾನಾದ್ರೂ ನೆಮ್ಮದಿಯಾಗಿ ಕಣ್ಣು ಮುಚ್ತಿದ್ಯಾ?"

ಸಿಟ್ಟು ನೆತ್ತಿಗೇರಿತು. ಗುಂಡಿನ ಮೇಲೋ ಅಪ್ಪನ ಮೇಲೋ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ನಿದ್ದೆ ಹೋದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಒಬ್ಬರು ಮಲಗಿದರೆ ಇನ್ನೊಬ್ಬರು, ಅದೇ ಗುಂಡು ಇಳಿಬಿಟ್ಟು ಅಪ್ಪ ಕಟ್ಟಿದ ಈ ಮನೆಯ ಗೋಡೆಗಳ ಕಡೆ ಕಣ್ಣು ನೆಟ್ಟು ಕೂತಿರುತ್ತಾರೆ.