ಆರರ ಮುಂದಿನ ಪದ

ಸುಳ್ಳು ಹೇಳಿ ನನಗೆ ಆಗಬೇಕಾದ್ದೇನಿಲ್ಲ. ಸೌದಿಯ ಯಾನ್ಬುವಿನ ಒಂದು ತೈಲ ಸ್ಥಾವರದಲ್ಲಿ, ಟ್ಯಾಂಕಿನ ಬಾಗಿಲಲ್ಲಿ ಕುಳಿತು ದುರಸ್ತಿಗೆಂದು ಒಳಹೋದವರನ್ನೂ ಹೊರಬಂದವರನ್ನೂ ಎಣಿಸುವುದು ನನ್ನ ಕೆಲಸ. ಮೊದಲು ಜೊತೆಗೆ ಯೆಗೋರ್ ಇದ್ದ. ರಷ್ಯಾದ ಹಿಮದ ತುದಿಯ ನ್ಗಾನಸಾನ್ ಜನದವನು. ಎರಡು, ಮೂರು, ನಾಲ್ಕಕ್ಕೆ 'ಸಿತಿ, ನಗುರ್, ಚೆತ' ಎಂದು ತನ್ನ ಭಾಷೆಯಲ್ಲೇ ಎಣಿಸುತ್ತಿದ್ದ. ಅವನ ಊರಲ್ಲೂ ಹಾಗೆ ಎಣಿಸುವವರು ಮುದುಕರಷ್ಟೇ ಉಳಿದಿದ್ದರಂತೆ. ನನಗೆ ಆರರವರೆಗೆ ಕಲಿಸಿದ್ದ, ಅಷ್ಟರಲ್ಲಿ ಜ್ವರ ಬಂದು ತೀರಿಕೊಂಡ.

ಮೊನ್ನೆ ಮಧ್ಯಾಹ್ನ ಟ್ಯಾಂಕಿನೊಳಗೆ ಹೊಗೆ ತುಂಬಿತು. ಹೋದವರು ಆರು, ಬಂದವರು ಐದು. ಶೈಲೇಶ್ ಬರಲಿಲ್ಲ. ತಲೆ ಒಳಗೆ ತೂರಿಸಿ, "ಬಾ ಮಾರಾಯಾ, ನಿನ್ನ ದಮ್ಮಯ್ಯ!" ಎಂದು ಅರಚಿದೆ. ಆ ಉರಿಬಿಸಿಲಲ್ಲಿ ಒಳಗಿಂದ ಹಿಮದಂಥ ಗಾಳಿ ಮುಖಕ್ಕೆ ಹೊಡೆಯಿತು. ಯೆಗೋರನ ದನಿ ನಿಧಾನವಾಗಿ ಎಣಿಸುತ್ತಿತ್ತು. ಅದು ಆರು ಎಂದಾಗ ಶೈಲೇಶ್ ತೆವಳಿಕೊಂಡು ಹೊರಬಂದ.

"ನನ್ನನ್ನು ಹಿಂದಿನಿಂದ ದೂಡಿದ್ದು ಯಾರು ಮಾರಾಯ?" ಎಂದ.

ದನಿ ನಿಲ್ಲಲಿಲ್ಲ. ನನಗೆ ಕಲಿಸದ ಇನ್ನೊಂದು ಪದ ಹೇಳಿತು. ಮತ್ತೆ ಮತ್ತೆ ಅದನ್ನೇ ಹೇಳಿತು.

"ಒಳಗೆ ಇನ್ನೊಬ್ಬ ಇದ್ದಾನೆ, ಮುಚ್ಚಬೇಡಿ!" ಎಂದು ಫೋರ್‌ಮನ್ನನ ಕಾಲು ಹಿಡಿದೆ. ಟಾರ್ಚ್ ಹಾಕಿ ಹುಡುಕಿದರು. ಯಾರೂ ಇರಲಿಲ್ಲ. ಸಂಜೆ ಬಾಗಿಲು ಮುಚ್ಚಿದರು. ಕೊನೆಯ ಬೋಲ್ಟ್ ಬಿಗಿಯುವಾಗಲೂ ಆ ಪದ ಕೇಳಿಸಿತು, ಬಾಗಿಲಿಗೆ ಅಂಟಿಕೊಂಡೇ, ನನ್ನ ಕಿವಿಯಷ್ಟು ಎತ್ತರದಲ್ಲಿ.