ಹುಳುಮನೆಯ ಬೀಗದಕೈ

ಗಿರಿಜಾಂಬಳ ಸೊಂಟದಲ್ಲಿ ಹುಳುಮನೆಯ ಬೀಗದಕೈ ಗಲಗಲ ಎಂದಾಗಲೆಲ್ಲ ರಾಧಾಮಣಿಗೆ ಹೊಟ್ಟೆ ಉರಿಯುತ್ತಿತ್ತು. ಗುಡೇಮಾರನಹಳ್ಳಿಯ ಚಾಕಿ ಕೇಂದ್ರದಲ್ಲಿ ರೇಷ್ಮೆಮರಿ ಸಾಕಲು ಇಬ್ಬರೂ ಒಟ್ಟಿಗೇ ಸೇರಿದವರು. ಆದರೆ ಮುಟ್ಟಾದ ಹೆಂಗಸು ಹುಳುಮನೆಯ ಹೊಸಿಲು ದಾಟುವಂತಿಲ್ಲ. ಗಿರಿಜಾಂಬಳಿಗೆ ಮುಟ್ಟು ನಿಂತಿತು. ತಿಂಗಳಿಡೀ ಕೆಲಸಕ್ಕೆ ಸಿಗುತ್ತಾಳೆಂದು ಮಾಲೀಕ ಬಾಲರಾಜು ಅವಳಿಗೇ ಯಜಮಾನಿಕೆ ಕೊಟ್ಟ. 'ಮುದುಕಿಗೆ ಪಟ್ಟ' ಎಂದು ರಾಧಾಮಣಿ ಊರೆಲ್ಲ ಆಡಿಕೊಂಡು ನಕ್ಕಳು. ಸ್ವಲ್ಪ ದಿನಕ್ಕೆ ತನಗೂ ನಿಂತಾಗ ಯಾವ ಮುಖ ಇಟ್ಟುಕೊಂಡು ಹೇಳುವುದು? ಹೇಳಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಮುಟ್ಟಾದವಳಂತೆ ಹೊರಗೆ ಕೂತು ಮರಿ ಸಾಕುವ ತಟ್ಟೆ ತೊಳೆದಳು.

ಇತ್ತ ಗಿರಿಜಾಂಬಳಿಗೆ ಮರೆವು ಶುರುವಾಯಿತು. ಕುಡುಗೋಲು ಕೈಯಲ್ಲೇ ಹಿಡಿದು ಕುಡುಗೋಲು ಹುಡುಕುತ್ತಿದ್ದಳು. ಮಾಗಡಿ ಆಸ್ಪತ್ರೆಯ ಫಿರೋಜಾ ಸಿಸ್ಟರ್, ಮುಟ್ಟು ನಿಂತು ವರ್ಷ ತುಂಬಿದವರಿಗೆ ಮಾತ್ರ ಎಂದು ಹೇಳಿ, ಅವಳ ಬಟನ್ ಮೊಬೈಲಿಗೆ ನೆನಪು ಚುರುಕಾಗುವ ಒಂದು ಆಟ ಹಾಕಿಕೊಟ್ಟಳು. ಚಿತ್ರಗಳನ್ನು ನೋಡಿ, ಮುಚ್ಚಿದ ಮೇಲೆ ಜೋಡಿ ಹುಡುಕಬೇಕು. ದಿನಾ ಆಟದ ಹೊತ್ತಿಗೆ ಮೊಬೈಲು ಕೋಗಿಲೆಯ ದನಿಯಲ್ಲಿ ಕೂಗುತ್ತಿತ್ತು.

"ಆನೆ ಎಲ್ಲೈತೆ ಹೇಳಕ್ಕ!" ಎಂದು ಹೆಂಗಸರು ಸುತ್ತ ಕೂತು ನಗುತ್ತಿದ್ದರು. ರಾಧಾಮಣಿಗೆ ಅದನ್ನೂ ಸಹಿಸಲಾಗಲಿಲ್ಲ. ತನಗೆ ವರ್ಷ ತುಂಬಿದ್ದೇ ಗುಟ್ಟಾಗಿ ಮಾಗಡಿಗೆ ಹೋಗಿ ಆಟ ಹಾಕಿಸಿಕೊಂಡಳು. ಮೊಬೈಲನ್ನು ಮನೆಯಲ್ಲೇ ಬಿಟ್ಟು ಬಂದು, ಸಂಜೆ ಬಾಗಿಲು ಹಾಕಿಕೊಂಡು ಆಡುತ್ತಿದ್ದಳು.

ಮರೆವಿನ ಹೆಂಗಸಿನ ತಲೆಗೆ ಯಾವ ತಪ್ಪು ಕಟ್ಟಿದರೂ ಊರು ನಂಬುತ್ತದೆ. ಹಿಪ್ಪುನೇರಳೆ ತೋಟದ ಕೆಳಗಿನ ಪಟ್ಟಿಗೆ ಕೀಟದ ಔಷಧಿ ಹೊಡೆದಿತ್ತು. ಆ ಸೊಪ್ಪು ತಿಂದರೆ ಮರಿಗಳು ಉಳಿಯುವುದಿಲ್ಲ. ಅಂದು ರಾಧಾಮಣಿ ಹೊರಗಾದೆನೆಂದು ಜಗಲಿ ಹಿಡಿದಳು. ಹೊರಗಾದವಳ ಜೊತೆ ಯಾರೂ ಉಣ್ಣುವುದಿಲ್ಲ. ಎಲ್ಲರೂ ಹುಣಸೆಮರದಡಿ ಮುದ್ದೆ ಮುರಿಯುತ್ತಿದ್ದಾಗ ಅವಳು ಬೀಗ ಹಾಕದೆ ಮುಚ್ಚಿದ್ದ ಬಾಗಿಲು ತಳ್ಳಿ ಒಳಹೊಕ್ಕು, ಬುಟ್ಟಿಯ ಸೊಪ್ಪಿಗೆ ಕೆಳಗಿನ ಪಟ್ಟಿಯ ಸೊಪ್ಪು ಬೆರೆಸಿ ಬಂದಳು. ಹುಳುಮನೆಗೇ ಹೋಗದವಳ ಮೇಲೆ ಯಾರಿಗೆ ಅನುಮಾನ ಬಂದೀತು?

ಮರುದಿನ ತಟ್ಟೆ ತುಂಬ ಸತ್ತ ಮರಿಗಳು. ಮಾಲೀಕನಿಗೆ ಸುದ್ದಿಯನ್ನು ತಾನೇ ಮುಟ್ಟಿಸುವ ಆಸೆಗೆ ರಾಧಾಮಣಿ ಅಂದು ಮೊಬೈಲು ತಂದಿದ್ದಳು. ಅವಳ ಫೋನು ಹೋದದ್ದೇ ಬಾಲರಾಜು ಓಡಿ ಬಂದ.

"ಕೆಳಗಿನ ಸೊಪ್ಪು ಮುಟ್ಬ್ಯಾಡಿ ಅಂತ ಬಡ್ಕಂಡಿದ್ನಲ್ಲಕ್ಕ!"

"ನಾನು ಕುಯ್ಸಿಲ್ಲ ಕಣಪ್ಪ..." ಗಿರಿಜಾಂಬ ಬುಟ್ಟಿಯ ಸೊಪ್ಪು ತಿರುವಿ ನೋಡಿದಳು. "ಇಲ್ಲಾ, ಮರ್ತೇ ಬುಟ್ನೋ ಏನೋ."

"ಪಾಪ, ವಯಸ್ಸು," ಎಂದಳು ರಾಧಾಮಣಿ ಜಗಲಿಯಿಂದಲೇ. "ನಾನಂತೂ ಹೊರಗಿದ್ದೆ. ಒಳಗಿಂದು ನಂಗೇನು ಗೊತ್ತು?"

"ಇದ್ನ ಆಡಿ ಏನು ಭಾಗ್ಯ ಬಂತು?" ಬಾಲರಾಜು ಗಿರಿಜಾಂಬಳ ಮೊಬೈಲು ಕಿತ್ತುಕೊಂಡು, ಆರಿಸಿ, ತಟ್ಟೆಯ ಮೇಲೆ ಕುಕ್ಕಿದ. ಬೀಗದಕೈ ಬಿಚ್ಚಿಸಿಕೊಂಡು, "ಹೊರಗಿನ ದಿನ ಮುಗಿದ್ಮ್ಯಾಲೆ ನೀನೇ ನೋಡ್ಕ" ಎಂದು ರಾಧಾಮಣಿಯತ್ತ ಚಾಚಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

ಆಗ ಕೋಗಿಲೆ ಕೂಗಿತು. ಎಲ್ಲರೂ ತಟ್ಟೆಯ ಮೇಲಿನ ಮೊಬೈಲು ನೋಡಿದರು. ಅದು ಆರಿಯೇ ಇತ್ತು. ಕೋಗಿಲೆ ಮತ್ತೆ ಕೂಗಿತು, ರಾಧಾಮಣಿಯ ಎಲೆಯಡಿಕೆ ಚೀಲದಿಂದ. ಗಿರಿಜಾಂಬ ಕಣ್ಣೊರೆಸಿಕೊಂಡು ನಿಧಾನವಾಗಿ ಕೇಳಿದಳು: "ಮುಟ್ಟು ನಿಂತು ವರ್ಷ ತುಂಬ್ದೆ ಫಿರೋಜಾ ಸಿಸ್ಟರ್ ಆ ಆಟ ಹಾಕ್ಕೊಡಾಕಿಲ್ವಲ್ಲ ರಾಧಾಮಣಿ. ಮತ್ತೆ ನೆನ್ನೆ ನೀನು ಯಾಕವ್ವ ಹೊರಗೆ ಕೂತಿದ್ದೆ?"