ತಾರೀಖಿಲ್ಲದ ಶಿಫಾರಸು

ಜೂನ್ ಹದಿನಾಲ್ಕರ ಬೆಳಿಗ್ಗೆ ಹತ್ತೂಕಾಲಿಗೆ ಶಾಸಕ ರುದ್ರಗೌಡ ಸಂಕನಾಳ ತಾವೇ ಗೂಗಿಹಾಳ ಠಾಣೆಗೆ ಬಂದರು. ಆರು ಸಲ ಗೆದ್ದ ಆಸಾಮಿ. ಮೂವತ್ತು ವರ್ಷದಲ್ಲಿ ಪೊಲೀಸರನ್ನು ಮನೆಗೆ ಕರೆಸಿಕೊಂಡಿದ್ದರೇ ಹೊರತು ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಇನ್‌ಸ್ಪೆಕ್ಟರ್ ಶಕುಂತಲಾ ನರೇಗಲ್ಲ ಎದ್ದು ಕುರ್ಚಿ ತೋರಿಸಿದಳು.

"ನನ್ನ ಸಹಿ ಖೊಟ್ಟಿ ಮಾಡ್ಯಾರ," ಎನ್ನುತ್ತ ಅವರು ಏಳು ಶಿಫಾರಸು ಪತ್ರಗಳನ್ನು ಮೇಜಿನ ಮೇಲೆ ಎಸೆದರು. "ಹಾಸ್ಟೆಲ್ ಸೀಟು, ವಿಧವಾ ವೇತನ, ಆಶ್ರಯ ಮನಿ. ಎಲ್ಲಾ ಮಂಜೂರಾಗ್ಯಾವ. ಅದೂ ಯಾರಿಗೆ? ನನಗ ಓಟು ಹಾಕದ ಮಂದಿಗೆ. ಬರಕೋರಿ ದೂರು."

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಗಿ ಪ್ರತಿ ಕೋರ್ಟಿಗೆ ಹೋಯಿತು. ಆದರೆ ಶಕುಂತಲಾಳ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಗೌಡರ ಶಿಫಾರಸು ಪತ್ರ ಈ ತಾಲೂಕಿನ ಮನೆಮನೆಯಲ್ಲಿದೆ. ಅದರಿಂದ ಕೆಲಸವಾದದ್ದು ಮಾತ್ರ ಅಪರೂಪ. ಈ ಏಳಕ್ಕೆ ಮಾತ್ರ ಅಧಿಕಾರಿಗಳು ಯಾಕೆ ಮಣಿದರು?

ಅದೇ ಮಧ್ಯಾಹ್ನ ಶಾಸಕರ ಕಚೇರಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಮೊಹರು, ಪತ್ರಗಳನ್ನು ನಮೂದಿಸುವ ಜಾವಕ ವಹಿ, ಜನರಿಗೆ ಕೊಡಲು ಸಹಿ ಮಾಡಿಟ್ಟಿದ್ದ ಪತ್ರಗಳ ಒಂದು ಕಟ್ಟು ಜಪ್ತಿಯಾದವು. ಹೆಡ್ ಕಾನ್‌ಸ್ಟೆಬಲ್ ಇಮಾಮಸಾಬ ನದಾಫ ಠಾಣೆಯಲ್ಲಿ ಆ ಏಳು ಪತ್ರಗಳನ್ನೂ ಈ ಕಟ್ಟನ್ನೂ ಪಕ್ಕಪಕ್ಕ ಹರವಿದ.

"ಸಹಿ ಗೌಡ್ರದ ಐತ್ರಿ ಮೇಡಂ. ಖೊಟ್ಟಿ ಏನಲ್ಲ."

"ಮತ್ತ ಫರಕ ಏನೈತಿ?"

ಅವನು ಬಹಳ ಹೊತ್ತು ಬಗ್ಗಿ ನೋಡಿದ. "ಈ ಏಳರಾಗ ಸಹಿ ಕೆಳಗ ತಾರೀಖು ಐತಿ, ಎಲ್ಲಾ ಎರಡು ವರ್ಷದೊಳಗಿನವು. ಕಟ್ಟಿನ್ಯಾಗ ಒಂದಕ್ಕೂ ಇಲ್ಲ."

ಜುಲೈ ಎರಡಕ್ಕೆ ಪ್ರಯೋಗಾಲಯದ ವರದಿ ಬಂತು. ಏಳೂ ಸಹಿ ಅಸಲಿ, ತಾರೀಖು ಬೇರೆ ಕೈಯದು, ಪೆನ್ನೂ ಬೇರೆ. ಮರುದಿನ ಬೆಳಿಗ್ಗೆ ಶಕುಂತಲಾ ಸೀಟು ಮಂಜೂರು ಮಾಡಿದ ಕಚೇರಿಯ ಗುಮಾಸ್ತನನ್ನು ಕೂರಿಸಿಕೊಂಡಳು.

"ತಾರೀಖು ಇದ್ರ ಏನು?"

"ಇದ್ರ ಕೆಲಸ ಮಾಡಬೇಕ್ರಿ. ಇಲ್ಲಂದ್ರ ಫೈಲಿನ್ಯಾಗ ಇಟ್ಟು ಸುಮ್ಮನಿರಬೇಕು. ಗೌಡ್ರು ಮೊದಲ ಸಲ ಗೆದ್ದಾಗಿಂದ ಇದ ರಿವಾಜು."

"ಜನಕ್ಕ ಗೊತ್ತೈತಿ?"

"ಗೊತ್ತಿದ್ರ ಆರು ಸಲ ಗೆಲ್ತಿದ್ರೇನ್ರಿ?"

ಶಕುಂತಲಾಳಿಗೆ ಮೈಯೆಲ್ಲ ಉರಿದುಹೋಯಿತು. ಬಂದವರಿಗೆಲ್ಲ ಚಹಾ ಕೊಟ್ಟು, ಹೆಗಲ ಮೇಲೆ ಕೈಯಿಟ್ಟು, ಕೆಲಸಕ್ಕೆ ಬಾರದ ಕಾಗದ ಕೊಟ್ಟು ಕಳಿಸಿದ ಮೂವತ್ತು ವರ್ಷ. ಈಗ ಸಹಿಯ ಜಂಭಕ್ಕೆ ಬಿದ್ದು ಗೌಡರು ತಾವೇ ಆ ಗುಟ್ಟನ್ನು ಪೊಲೀಸ್ ದಾಖಲೆಗೆ ತಂದು ಸುರಿದಿದ್ದರು. ಗುಮಾಸ್ತನ ಹೇಳಿಕೆಯನ್ನು ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು.

ತಾರೀಖಿನ ಅಂಕಿಗಳು ಜಾವಕ ವಹಿಯ ಅಂಕಿಗಳಿಗೆ ತಾಳೆಯಾದವು. ಆ ವಹಿ ಬರೆಯುತ್ತಿದ್ದವನು ಗೌಡರ ಆಪ್ತ ಸಹಾಯಕ ಮೌನೇಶ ಬಡಿಗೇರ, ಇಪ್ಪತ್ತೇಳು ವರ್ಷದಿಂದ ಅವರ ನೆರಳು. ಸಂಜೆ ನಾಲ್ಕಕ್ಕೆ ಅವನನ್ನು ಕರೆತಂದರು. ಪ್ರಶ್ನೆ ಮುಗಿಯುವ ಮೊದಲೇ, "ತಾರೀಖು ನಾನ ಹಾಕೀನ್ರಿ," ಎಂದ.

ಅಷ್ಟರಲ್ಲಿ ಫೋನು ಬಂತು. ಗುಮಾಸ್ತನ ಹೇಳಿಕೆಯ ಸುದ್ದಿ ಗೌಡರ ಕಿವಿಗೆ ಬಿದ್ದಿತ್ತು.

"ದೂರು ವಾಪಸ್ ತಗೋತೀನ್ರಿ. ಅಂವ ನಮ್ಮ ಮನಿ ಮಗ ಇದ್ದಂಗ. ಬಿಟ್ಟುಬಿಡ್ರಿ."

"ಆಗಂಗಿಲ್ರಿ ಸರ್. ಎಫ್‌ಐಆರ್ ಕೋರ್ಟಿಗೆ ಹೋಗೇತಿ."

"ಬೀದರದ ಬಿಸಿಲು ಹೆಂಗಿರತೈತಿ ಗೊತ್ತೇನ್ರಿ?"

"ಗೊತ್ತೈತ್ರಿ. ನನ್ನ ತವರುಮನಿ ಅಲ್ಲೇ ಐತಿ."

ಆ ಕಡೆ ಫೋನು ಇಟ್ಟ ಸದ್ದು ಕೇಳಿತು. ಇಮಾಮಸಾಬ ಮೌನೇಶನ ಕಡೆ ತಿರುಗಿದ. "ಕಾಕಾ, ಗೌಡ್ರೇ ಬಿಡ್ರಿ ಅನ್ನಾಕತ್ಯಾರ. ನೀವೂ ತಪ್ಪಾತು ಅಂದುಬಿಡ್ರಿ."

"ಬ್ಯಾಡಪಾ. ಅರೆಸ್ಟ್ ಮಾಡ್ರಿ," ಎಂದ ಮೌನೇಶ. "ನಾ ಮನಿಗೆ ಹೋದ್ರ ಈ ತಾರೀಖಿನ ಮಾತು ಇಲ್ಲೇ ಮುಚ್ಚಿ ಹೋಗತೈತಿ. ಜಡ್ಜ್ ಸಾಹೇಬ್ರ ಮುಂದ ಹೇಳ್ತೀನಿ. ಊರ ಮಂದಿ ಕೇಳ್ಲಿ."

ಐದು ಗಂಟೆ ನಲವತ್ತು ನಿಮಿಷಕ್ಕೆ ಬಂಧನ ದಾಖಲಾಯಿತು. ಹೆಂಡತಿಗೆ ಸುದ್ದಿ ಮುಟ್ಟಿಸಿದರು.

"ಇಪ್ಪತ್ತೈದು ವರ್ಷ ಸುಮ್ಮನಿದ್ರಿ," ಎಂದಳು ಶಕುಂತಲಾ. "ಎರಡು ವರ್ಷದಿಂದ ಯಾಕ ಚಾಲೂ ಮಾಡಿದ್ರಿ?"

ಮೌನೇಶ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ಹುಲಿಗೆವ್ವ ಅಂತ ಒಬ್ಬಾಕಿ. ಮಗಳಿಗೆ ಎಂಟನೇತ್ತಕ್ಕ ಹಾಸ್ಟೆಲ್ ಸೀಟು ಕೇಳಾಕ ಬಂದಿದ್ಲು. ಪತ್ರ ನಾನ ಟೈಪ್ ಮಾಡಿ ಕೊಟ್ಟೆ, ತಾರೀಖು ಇಲ್ಲದ್ದು. ಸಾಹೇಬ್ರ ಕಾಗದ ಐತೆಲ್ಲಾ ಅಂತ ಆಕಿ ಮತ್ಯಾರ ಕಡೆನೂ ಹೋಗಲಿಲ್ಲ. ಸೀಟು ಸಿಗಲಿಲ್ಲ. ಹುಡುಗಿ ಸಾಲಿ ಬಿಡ್ತು. ಹದಿನಾರಕ್ಕ ಲಗ್ನ ಮಾಡಿದ್ರು. ಲಗ್ನಪತ್ರಿಕೆ ಕೊಡಾಕ ಬಂದು, ನೀವು ಮಾಡೋದು ಮಾಡಿದ್ರಿ, ನಮ್ಮ ನಸೀಬದಾಗ ಇರಲಿಲ್ಲ ಬಿಡ್ರಿ, ಅಂದ್ಲು."

"ಏನಂದ್ರಿ ನೀವು?"

"ಏನೂ ಅನಲಿಲ್ರಿ. ಲಗ್ನಕ್ಕ ಹೋದೆ. ತಾನ ನಿಂತು ಬಡಿಸಿದ್ಲು. ಮೂರು ಸಲ ಹುಗ್ಗಿ ಹಾಕಿಸ್ಕೊಂಡು ಉಂಡು ಬಂದೆ."

ಶಕುಂತಲಾ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡಳು.